ಅವಳ ಮೆಸೇಜು ಅವನ ಫೋನಿಗೆ ಬಂತು

ಅಂಕೋಲೆಯ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ನನ್ನ ಅಂಗಡಿ ಸಿಗುತ್ತದೆ. ಜನ ಅದನ್ನು ಜೆರಾಕ್ಸ್ ಅಂಗಡಿ ಎನ್ನುತ್ತಾರೆ, ಆದರೆ ಜೆರಾಕ್ಸ್ ಈಗ ಅಲ್ಲಿ ನಡೆಯುವ ಕೆಲಸಗಳಲ್ಲಿ ತೀರ ಕಡಿಮೆಯದು. ಪಹಣಿ ತೆಗೆದುಕೊಡುವುದು, ಪರೀಕ್ಷೆಯ ಅರ್ಜಿ ತುಂಬುವುದು, ಜಾತಿ-ಆದಾಯದ ಪ್ರಮಾಣಪತ್ರಕ್ಕೆ ಹಾಕುವುದು, ಇವೇ ಹೆಚ್ಚು. ಹನ್ನೊಂದು ವರ್ಷ ಇದನ್ನೇ ಮಾಡುತ್ತ ಬಂದದ್ದರಿಂದ ಊರಿನ ಎಷ್ಟೋ ಜನರ ಪಾಸ್‌ವರ್ಡುಗಳು ನನ್ನ ಉದ್ದ ನೋಟ್‌ಬುಕ್ಕಿಗೆ ಬಂದು ಸೇರಿಬಿಟ್ಟವು. ನಾನು ಕೇಳಿ ಪಡೆದದ್ದಲ್ಲ. ಪ್ರತಿ ಸಲ ಬಂದಾಗಲೂ ಮರೆತಿರುತ್ತಿದ್ದರು, ಪ್ರತಿ ಸಲ ಹೊಸದು ಮಾಡಬೇಕಾಗುತ್ತಿತ್ತು. ಕೊನೆಗೆ ಬೇಸತ್ತು ಬರೆದಿಟ್ಟುಕೊಳ್ಳಲು ಶುರುಮಾಡಿದೆ. ಹೆಚ್ಚಿನವು ಮೊಮ್ಮಕ್ಕಳ ಹೆಸರು, ಮುಂದೆ ಒಂದು ಎರಡು ಮೂರು.

ನಾನು ನಂಬಿಕಸ್ಥಳು ಎಂದು ಊರಿಗೆ ಗೊತ್ತಿತ್ತು. ನನಗೂ ಹಾಗೇ ಅನ್ನಿಸಿತ್ತು. ಆ ಅನ್ನಿಸಿಕೆ ಒಂದು ಶನಿವಾರ ಸಂಜೆ ಹೋಯಿತು.

ಪಕ್ಕದ ಬೊಬ್ರುವಾಡದ ಒಬ್ಬ ಹೆಂಗಸು ಆರೇಳು ವರ್ಷಗಳಿಂದ ನನ್ನಲ್ಲಿಗೆ ಬರುತ್ತಿದ್ದಳು. ನನಗಿಂತ ಚಿಕ್ಕವಳು, ಮೂರನೇ ತರಗತಿಯಲ್ಲಿ ಓದುವ ಮಗಳಿದ್ದಾಳೆ. ಗಂಡ ಕಾರವಾರದ ನೌಕಾನೆಲೆಯಲ್ಲಿ ಗುತ್ತಿಗೆಯ ಮೇಲೆ ವಿದ್ಯುತ್ ಕೆಲಸ ಮಾಡುತ್ತಾನೆ. ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಯೇ ಬಂದು, ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಬೇಕು ಎಂದಳು. ಆ ಒಂದು ವಿಷಯ ಉಳಿದುಹೋಗಿತ್ತಂತೆ. ಮದುವೆಯ ಮಾತುಕತೆಯಲ್ಲಿ ಅವಳ ಕಡೆಯವರು ಹತ್ತನೇ ಪಾಸು ಎಂದೇ ಹೇಳಿದ್ದರು. ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳ ಶಾಲೆಯ ಫಾರ್ಮಿನಲ್ಲಿ ತಾಯಿಯ ವಿದ್ಯಾಭ್ಯಾಸ ಎಂಬ ಜಾಗದಲ್ಲಿ ಪ್ರತಿ ವರ್ಷ ಸುಳ್ಳು ಬರೆಯಬೇಕಾಗುತ್ತದೆ ಎಂದಳು. ಅರ್ಜಿ ತುಂಬುವ ಮೊದಲು ಒಂದೇ ಮಾತು ಕೇಳಿದಳು.

"ಮನೆಗೆ ಎಂತದೂ ಬರೂದಿಲ್ಲಲ್ಲ ಅಕ್ಕಾ?"

ಇಲ್ಲ ಎಂದೆ. ಅವಳದೇ ನಂಬರು ಹಾಕಿದೆ. ಗುರುತಿನ ಕಾರ್ಡಿನ ವಿವರಕ್ಕಾಗಿ ಯಂತ್ರದ ಮೇಲೆ ಬೆರಳು ಒತ್ತಿಸಿದಾಗ ಅವಳ ವಿಳಾಸ ತಾನಾಗಿ ತುಂಬಿಕೊಂಡಿತು. ಅದರ ಕೆಳಗೆ ಒಂದು ಮೊಬೈಲ್ ನಂಬರಿನ ಕೊನೆಯ ನಾಲ್ಕು ಅಂಕೆ ಮೂಡಿತ್ತು. ಅದು ಅವಳ ನಂಬರಲ್ಲ. ಕಣ್ಣಿಗೆ ಬಿದ್ದಿತ್ತು, ಆದರೆ ನಾನು ಕೇಳಲಿಲ್ಲ. ಮದುವೆಯಾದ ಹೊಸದರಲ್ಲಿ ಕಾರ್ಡಿನ ವಿಳಾಸ ಬದಲಿಸಿದಾಗ ಅವಳ ಹತ್ತಿರ ಫೋನಿರಲಿಲ್ಲ, ಗಂಡನ ನಂಬರು ಕೊಟ್ಟಿದ್ದರು. ಇದು ನನಗೆ ಗೊತ್ತಾದದ್ದು ಆಮೇಲೆ.

ಆ ಶನಿವಾರ ಸಂಜೆ ಅವಳ ಗಂಡ ಬಂದ. ಅವನ ಕೆಲಸದ ಜಾಗದಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಸಂಜೆ ವಾಪಸು ತೆಗೆದುಕೊಂಡಾಗ ಒಂದು ಇಂಗ್ಲಿಷ್ ಮೆಸೇಜು ಬಂದಿತ್ತಂತೆ. ಇದೆಂತದು ನೋಡಿ ಎಂದು ಫೋನನ್ನು ನನ್ನ ಮುಂದೆ ಹಿಡಿದ. ನನ್ನ ಮುಂದೆ ಆರು ಮಂದಿ ನಿಂತಿದ್ದರು, ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಿತ್ತು. ನಾನು ಓದಿ ಸಲೀಸಾಗಿ ಹೇಳಿಬಿಟ್ಟೆ: ನಿಮ್ಮ ಹೆಂಡತಿಯ ಪರೀಕ್ಷೆಯ ಅರ್ಜಿ ಸ್ವೀಕಾರವಾಗಿದೆ, ಒಂದೇ ವಿಷಯ, ಹತ್ತನೇ ತರಗತಿ ಇಂಗ್ಲಿಷ್.

ಅವನು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಸಾಲಿನಲ್ಲಿದ್ದ ಆರು ಮಂದಿಯಲ್ಲಿ ಇಬ್ಬರು ಬೊಬ್ರುವಾಡದವರೇ ಎಂಬುದು ಅವನು ಹೋದ ಮೇಲೆ ನನಗೆ ಹೊಳೆಯಿತು.

ಮೂರು ವಾರ ಅವಳು ಬರಲಿಲ್ಲ. ಅತ್ತೆ ಬಾಯಿಗೆ ಬಂದ ಹಾಗೆ ಅಂದಳು, ಮದುವೆ ಮಾತಾಡಿದ ಅವಳ ಸೋದರಮಾವನನ್ನು ಕರೆಸಿ ಕೇಳಿದರು ಎಂದೆಲ್ಲ ಬೇರೆಯವರ ಬಾಯಿಂದ ಕೇಳಿದೆ. ನನಗೆ ಮೊದಲು ಸಿಟ್ಟು ಬಂದದ್ದು ಯಂತ್ರದ ಮೇಲೆ. ಅವಳ ನಂಬರು ಕೊಟ್ಟರೂ ಕಾರ್ಡಿನಲ್ಲಿದ್ದ ನಂಬರಿಗೆ ಕಳಿಸಿತಲ್ಲ ಎಂದು. ಆದರೆ ಯಂತ್ರ ಒಂದು ಇಂಗ್ಲಿಷ್ ಸಾಲು ಕಳಿಸಿತ್ತು, ಅಷ್ಟೆ. ಅದನ್ನು ಕನ್ನಡದಲ್ಲಿ ಊರ ಮುಂದೆ ಬಿಡಿಸಿ ಹೇಳಿದವಳು ನಾನು.

ಕೊನೆಗೆ ಒಂದು ದಿನ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನೀವು ಹೇಳೂದು ಬ್ಯಾಡಾಗಿತ್ತು ಅಕ್ಕಾ," ಎಂದಳು.

ಗಂಡನಲ್ಲವೇ ಎಂದು ಹೇಳಿದೆ ಎನ್ನಲು ಹೋದೆ. ಅದನ್ನು ಬಿಟ್ಟು ಕ್ಷಮೆ ಕೇಳಿದೆ. ಕಾರ್ಡಿಗೆ ನಿನ್ನ ನಂಬರನ್ನೇ ಹಾಕಿಸೋಣ, ನಾನೇ ಜೊತೆಗೆ ಬರುತ್ತೇನೆ ಎಂದೆ. ಆ ಕೆಲಸ ನನ್ನ ಅಂಗಡಿಯಲ್ಲಿ ಆಗುವುದಿಲ್ಲ, ಕಾರವಾರಕ್ಕೇ ಹೋಗಬೇಕು. ಬೆಳಗಿನ ಬಸ್ಸು ಹಿಡಿದು ಹೋದೆವು. ಅವರ್ಸಾ, ತೋಡೂರು ದಾಟುವವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ನೌಕಾನೆಲೆಯ ಉದ್ದ ಗೋಡೆ ಶುರುವಾದಾಗ ತಾನಾಗಿ ಮಾತಾಡಿದಳು.

"ಪಾಸಾಗ್ಲಿಲ್ಲ ಅಂತ ಅವ್ರಿಗೆ ಸಿಟ್ಟಿಲ್ಲ. ನಿಮ್ಗೆ ಹೇಳಿ ಅವ್ರಿಗೆ ಹೇಳ್ಲಿಲ್ಲ ಅಂತ. ಒಂಬತ್ತು ವರ್ಷ ನೀ ನನ್ನ ಜೊತೆ ಇದ್ದೆ, ನಂಗೆ ಜೆರಾಕ್ಸ್ ಅಂಗಡೀಲಿ ಗೊತ್ತಾಗ್ಬೇಕಾಯ್ತಾ ಅಂತ ಕೇಳಿದ್ರು. ಎಂತ ಹೇಳೂದು ನಾನು?"

ಕಾರವಾರ ಬಂತು, ಇಳಿದೆವು.

ಆ ದಿನ ಸರ್ವರ್ ಇರಲಿಲ್ಲ. ಎರಡನೇ ಸಲ ಹೋದಾಗ ಟೋಕನ್ ಮುಗಿದಿತ್ತು. ಹನ್ನೊಂದು ಗಂಟೆಗೇ ಮುಗಿಯುವುದಾದರೆ ಬಾಗಿಲ ಮೇಲೆ ಐದರವರೆಗೆ ಎಂದು ಯಾಕೆ ಬರೆದಿದ್ದೀರಿ ಎಂದು ಕೇಳಿದ್ದಕ್ಕೆ ಒಳಗಿದ್ದವನು ತಲೆ ಎತ್ತಲಿಲ್ಲ. ಮೂರನೇ ಸಲ ನಮ್ಮ ಸರದಿ ಬಂತು. ಹಳೆಯ ನಂಬರಿಗೆ ಒಂದು ಸಂಖ್ಯೆ ಹೋಗುತ್ತದೆ, ಅದನ್ನು ಹೇಳಿದರೆ ಬೇಗ ಆಗುತ್ತದೆ ಎಂದರು. ಹಳೆಯ ನಂಬರು ಬೇಡ ಎಂದೇ ಅಲ್ಲವೇ ಬಂದದ್ದು ಎಂದು ನನ್ನ ದನಿ ಏರಿತು. ಅವಳು ನನ್ನ ಕೈ ಹಿಡಿದು ಸುಮ್ಮನಿರಿಸಿದಳು. ಕೊನೆಗೆ ಬೆರಳಿನ, ಕಣ್ಣಿನ ಗುರುತು ಎಲ್ಲ ತೆಗೆದುಕೊಂಡು ಅವಳ ನಂಬರು ಹಾಕಿದರು. ಮೂರು ದಿನ ಅಂಗಡಿ ಬಂದ್ ಮಾಡಿ ಆದ ಕೆಲಸ ಹತ್ತು ಅಂಕೆ ಬದಲಾದದ್ದು.

ಅದೇ ತಿಂಗಳು ನಮ್ಮಂಥ ಅಂಗಡಿಯವರಿಗೆಲ್ಲ ಒಂದು ಸುತ್ತೋಲೆ ಬಂತು. ಹೊಸ ನಿಯಮವಂತೆ, ಗ್ರಾಹಕರ ಮಾಹಿತಿಯನ್ನು ಇಟ್ಟುಕೊಳ್ಳಬಾರದು, ಒಪ್ಪಿಗೆಯಿಲ್ಲದೆ ಯಾರಿಗೂ ಹೇಳಬಾರದು, ತರಬೇತಿಗೆ ಕಾರವಾರಕ್ಕೆ ಬನ್ನಿ. ನಾನು ಆಸೆಯಿಂದ ಹೋದೆ. ನನ್ನ ತಪ್ಪಿಗೆ ಒಂದು ಹೆಸರು, ಅದನ್ನು ತಡೆಯುವ ಒಂದು ದಾರಿ ಸಿಕ್ಕೀತು ಎಂದುಕೊಂಡಿದ್ದೆ. ಪರದೆಯ ಮೇಲೆ ಬೀಗದ ಚಿತ್ರ ತೋರಿಸಿ ಒಬ್ಬರು ಒಂದು ತಾಸು ಮಾತಾಡಿದರು. ಗಂಡನ ಫೋನಿಗೆ ಹೆಂಡತಿಯ ಮೆಸೇಜು ಬಂದು ಅವನು ಓದಿ ಹೇಳಿ ಎಂದರೆ ನಾವು ಏನು ಮಾಡಬೇಕು ಎಂದು ಎದ್ದು ಕೇಳಿದೆ. ಸಭೆಯಲ್ಲಿ ಕೆಲವರು ನಕ್ಕರು. ಒಪ್ಪಿಗೆ ಪತ್ರ ಬರೆಸಿಕೊಳ್ಳಿ ಎಂದು ಉತ್ತರ ಬಂತು. ಯಾರದ್ದು, ಗಂಡನದ್ದೋ ಹೆಂಡತಿಯದ್ದೋ ಎಂದೆ. ಊಟದ ಹೊತ್ತಾಯಿತು ಎಂದರು. ಒಪ್ಪಿಗೆ ಪತ್ರ ಎಂಟು ಪುಟ, ಅಷ್ಟೂ ಇಂಗ್ಲಿಷಿನಲ್ಲಿ.

ಅಷ್ಟರಲ್ಲಿ ಹಾಜರಿ ಹಾಳೆ ಕೈಯಿಂದ ಕೈಗೆ ಬರುತ್ತಿತ್ತು. ಹೆಸರು, ಊರು, ಫೋನ್ ನಂಬರು, ಗುರುತಿನ ಕಾರ್ಡಿನ ನಂಬರು, ಸಹಿ. ನಾನು ಕಾರ್ಡಿನ ನಂಬರಿನ ಜಾಗದಲ್ಲಿ ಗೆರೆ ಎಳೆದೆ. ಅದನ್ನು ತುಂಬದಿದ್ದರೆ ಪ್ರಮಾಣಪತ್ರ ಕೊಡುವುದಿಲ್ಲ ಎಂದರು, ತುಂಬಿದೆ. ಊಟ ಮುಗಿಯುವುದರೊಳಗೆ ಆ ಹಾಳೆಯ ಫೋಟೋ ತರಬೇತಿಯ ಮೊಬೈಲ್ ಗ್ರೂಪಿನಲ್ಲಿ ಬಿದ್ದಿತ್ತು, ಎಲ್ಲರ ನಂಬರುಗಳೂ ಸ್ಪಷ್ಟವಾಗಿ ಕಾಣುವ ಹಾಗೆ. ಇದನ್ನು ತೆಗೆದುಹಾಕಿ ಎಂದು ಬರೆದೆ. ಇಬ್ಬರು ಕೈಮುಗಿದ ಚಿತ್ರ ಕಳಿಸಿದರು. ಫೋಟೋ ಈಗಲೂ ಅಲ್ಲೇ ಇದೆ.

ನಿಯಮಕ್ಕೆ ಹೆದರಿ ಅಲ್ಲ, ನನ್ನ ಸಮಾಧಾನಕ್ಕಾಗಿ ನೋಟ್‌ಬುಕ್ಕನ್ನು ಖಾಲಿ ಮಾಡಲು ಹೊರಟೆ. ಬಂದವರಿಗೆ ಅವರವರ ಸಾಲನ್ನು ಕತ್ತರಿಯಿಂದ ಕತ್ತರಿಸಿ ಕೊಡತೊಡಗಿದೆ. ಇದು ಇಷ್ಟು ಕಷ್ಟವಾಗುತ್ತದೆ ಎಂದುಕೊಂಡಿರಲಿಲ್ಲ. ನಿವೃತ್ತ ಮಾಸ್ತರರೊಬ್ಬರು ಚೀಟಿಯನ್ನು ಮುಟ್ಟಲೇ ಇಲ್ಲ.

"ನೀನೇ ಇಟ್ಕ ತಂಗಿ. ನನ್ನ ಹತ್ರ ಇದ್ರೆ ಕಳ್ದೇಹೋಗ್ತದೆ. ನಿನ್ನ ಮೇಲೆ ನಂಗೆ ಪೂರಾ ನಂಬಿಕೆ ಅದೆ."

ಆ ನಂಬಿಕೆಯೇ ನನಗೆ ಬೇಡವಾಗಿದೆ ಎಂದು ಅವರಿಗೆ ಹೇಗೆ ಹೇಳುವುದು? ಒಬ್ಬಾಕೆ ಅಂಗಡಿ ಮುಚ್ಚುತ್ತೀಯಾ ಎಂದು ಗಾಬರಿಯಾದಳು. ಇನ್ನೊಬ್ಬಾಕೆ ನನ್ನ ಮೇಲೆ ಏನೋ ಸಿಟ್ಟಿದೆ ಎಂದುಕೊಂಡು ಮಾತು ಬಿಟ್ಟಳು. ಒಬ್ಬರು ಚೀಟಿಯನ್ನು ನನ್ನ ಕಣ್ಣೆದುರೇ ಫೋನಿನ ಪಾರದರ್ಶಕ ಕವರಿನೊಳಗೆ, ಅಕ್ಷರ ಹೊರಗೆ ಕಾಣುವ ಹಾಗೆ, ಸಿಕ್ಕಿಸಿಕೊಂಡರು. ನಾನು ಅದನ್ನು ಎಳೆದು ತೆಗೆದು ಮಡಿಚಿ ಅವರ ಪಾಕೀಟಿನಲ್ಲಿಟ್ಟೆ. ಮರುದಿನ ಫೋನ್ ಮಾಡಿ ಪಾಸ್‌ವರ್ಡು ಎಂತದು ಎಂದು ಕೇಳಿದರು.

ಇನ್ನೂ ನಲವತ್ತಕ್ಕೂ ಹೆಚ್ಚು ಸಾಲುಗಳು ನನ್ನಲ್ಲೇ ಉಳಿದಿವೆ. ಈಗ ಒಂದನ್ನು ಮಾತ್ರ ಬಿಡದೆ ಮಾಡುತ್ತೇನೆ. ಯಾರಾದರೂ ಫೋನು ಮುಂದೆ ಹಿಡಿದು ಇದೆಂತದು ಎಂದರೆ ಮೊದಲು ಓದಿ ನೋಡುತ್ತೇನೆ, ಅದು ಅವರದ್ದಲ್ಲದಿದ್ದರೆ ಇದು ಯಾರದ್ದೋ ಅವರನ್ನೇ ಕಳಿಸಿ ಎನ್ನುತ್ತೇನೆ. ಇದರಿಂದ ಜಗಳ ಆಗುತ್ತದೆ. ಹೆಂಡತಿಯದು ನೋಡಬಾರದೆಂದರೆ ಏನರ್ಥ ಎಂದು ಒಬ್ಬ ಮೇಜು ಗುದ್ದಿದ. ನೋಡಬೇಡಿ ಎನ್ನುತ್ತಿಲ್ಲ, ನಾನು ಹೇಳುವುದಿಲ್ಲ ಎನ್ನುತ್ತಿದ್ದೇನೆ ಎಂದೆ. ಅವನು ರಸ್ತೆಯಾಚೆಯ ಅಂಗಡಿಗೆ ಹೋದ. ಅಲ್ಲಿ ಓದಿ ಹೇಳಿರುತ್ತಾರೆ.

ಪರೀಕ್ಷೆಯ ಫಲಿತಾಂಶ ಬಂದ ದಿನ ಬೆಳಗಿನಿಂದ ನಾನು ದಾರಿ ನೋಡುತ್ತಿದ್ದೆ. ಅವಳ ಪರೀಕ್ಷೆಯ ನೋಂದಣಿ ಸಂಖ್ಯೆ ನನ್ನಲ್ಲಿತ್ತು, ನಾನೇ ಹಾಕಿ ನೋಡಬಹುದಿತ್ತು. ಎರಡು ಸಲ ಅರ್ಧ ಹೊಡೆದು ಅಳಿಸಿದೆ. ಅವಳು ಬರಲಿಲ್ಲ. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಪ್ರಿಂಟು ತೆಗೆಸಿಕೊಂಡಳಂತೆ. ಇಷ್ಟೆಲ್ಲ ಓಡಾಡಿದ ಮೇಲೂ ನನ್ನಲ್ಲಿಗೆ ಬರಲಿಲ್ಲವಲ್ಲ ಎಂದು ನೊಂದುಕೊಂಡೆ. ಅವಳು ಮಾಡಿದ್ದು ಸರಿ ಎಂದೂ ಗೊತ್ತಿತ್ತು, ಅದರಿಂದ ನೋವೇನೂ ಕಡಿಮೆಯಾಗಲಿಲ್ಲ.

ಮುಂದಿನ ವಾರ ಅವಳ ಗಂಡ ಪಹಣಿಗೆಂದು ಬಂದ. ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಸರ್ವೆ ನಂಬರು ಹೇಳಿದ. ಹಾಳೆ ಹೊರಬರುತ್ತಿದ್ದಾಗ, ಕೇಳಬಾರದು ಎಂದುಕೊಂಡಿದ್ದರೂ ತಡೆಯಲಾಗದೆ, ಪರೀಕ್ಷೆ ಏನಾಯಿತು ಎಂದು ಮೆಲ್ಲಗೆ ಕೇಳಿದೆ.

ಅವನು ಹಾಳೆಯನ್ನು ಎರಡು ಮಡಿಕೆ ಮಾಡಿದ.

"ಅದು ಅವಳ್ನೇ ಕೇಳಿ," ಎಂದ.