ಔಷಧಿ ಹಾಲಿಗೆ ತೆಂಗಿನ ಬುಡದ ದಾರಿ ತೋರಿಸಿದ ಇಂದ್ರಮ್ಮ

ಮೊದಲಿಗೇ ಓದುಗರ ಕ್ಷಮೆ ಕೋರುತ್ತೇನೆ. ಸಂಜೆ ಕಾಲೇಜಿನಲ್ಲಿ ಕಲಾ ವಿಭಾಗ ಓದಿದವನಿಗೆ ರೋಗಾಣುಗಳ ಬಗ್ಗೆ ಬರೆಯುವ ಧೈರ್ಯ ಇರಬಾರದು. ಪಶುವೈದ್ಯೆ ಡಾ. ಮಂಜುಶ್ರೀ ಈ ಬರಹವನ್ನು ತಿದ್ದಿಕೊಟ್ಟಿದ್ದಾರೆ. ಇನ್ನೂ ತಪ್ಪು ಉಳಿದಿದ್ದರೆ ಅದು ನನ್ನದೇ. ಆದರೆ ಇಂದ್ರಮ್ಮನವರ ಬಗ್ಗೆ ಯಾರಾದರೂ ಬರೆಯಲೇಬೇಕಿತ್ತು.

ಕಿರುಗಾವಲಿನ ಪಕ್ಕದ ಹಳ್ಳಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಊರಿನ ದನಕರುಗಳ ಆರೈಕೆಗೆ ತರಬೇತಿ ಪಡೆದ ಪಶುಸಖಿ ಇಂದ್ರಮ್ಮ, ದೇವಿರಮ್ಮನವರ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಹಸುವಿನ ಕೆಚ್ಚಲು ಮುಟ್ಟಿ ನೋಡುತ್ತಿದ್ದಾರೆ. ಕೆಚ್ಚಲು ಬಾವು ರೋಗಕ್ಕೆ ನಿನ್ನೆ ಪಶುವೈದ್ಯರು ಆ್ಯಂಟಿಬಯಾಟಿಕ್ ಚುಚ್ಚಿದ್ದಾರೆ. ಔಷಧಿ ಬೆರೆತ ಈ ಹಾಲನ್ನು ಕೆಲವು ದಿನ ಡೇರಿಗೆ ಹಾಕುವಂತಿಲ್ಲ. ಗೂಟದ ಬಳಿ ಎಳೆಯ ಹೆಣ್ಣುಕರು ಹಗ್ಗ ಜಗ್ಗುತ್ತಿದೆ. ದೇವಿರಮ್ಮ ಹಾಲಿನ ಬಕೆಟ್ಟನ್ನು ಅದರತ್ತ ಒಯ್ಯುತ್ತಾರೆ.

"ಅಕ್ಕೋ, ಮಡಗು ಕೆಳೀಕೆ!"

"ಇನ್ನೇನ್ ಮಾಡ್ಲಿ? ಆಲ ನೆಲಕ್ ಚೆಲ್ಲು ಅಂತೀಯಲ್ಲ ಇಂದ್ರಿ, ತುಳಿದ್ರೆ ಒಳ್ಳೇದಾದದಾ?"

"ಚೆಲ್ಲಾಕ್ ಯಾರ್ ಯೋಳುದ್ರು? ಪೂಜೆ ನೀರ ಎಲ್ಲಿಗ್ ಉಯ್ತೀಯ? ತೆಂಗಿನ್ ಬುಡುಕ್ಕೆ ತಾನೆ? ಇದುನ್ನೂ ಅಲ್ಲೇ ಗುಂಡಿ ತೋಡಿ ಉಯ್ದು ಮಣ್ಣು ಮುಚ್ಚು. ಯಾರೂ ತುಳಿಯಾಕಿಲ್ಲ."

ಹಾಲು ಕಾಲಿಗೆ ಸಿಗಬಾರದು ಎಂಬ ಭಕ್ತಿಯಿಂದಲೇ ಇಲ್ಲಿನ ಮನೆಗಳಲ್ಲಿ ಔಷಧಿ ಬೆರೆತ ಹಾಲು ಕರುವಿನ ಪಾಲಾಗುತ್ತಿತ್ತು. ದೇವಿರಮ್ಮನ ಹಿಂದಿನ ಕರುವೂ ಅದನ್ನೇ ಕುಡಿದು ಬೆಳೆದಿತ್ತು. ಅದಕ್ಕೆ ಭೇದಿ ಹತ್ತಿದಾಗ ಯಾವ ಔಷಧಿಯೂ ನಾಟದೆ ಸತ್ತುಹೋಯಿತು. ಸಗಣಿ ಪರೀಕ್ಷಿಸಿದಾಗ, ಆ ಮನೆಯಲ್ಲಿ ಎಂದೂ ಬಳಸದ ಔಷಧಿಗಳಿಗೂ ರೋಗಾಣು ಜಗ್ಗದಿರುವುದು ಕಂಡಿತು.

ಇದರ ಹಿಂದಿರುವುದು ಪ್ಲಾಸ್ಮಿಡ್. ಬ್ಯಾಕ್ಟೀರಿಯಾದ ಒಳಗೆ, ಅದರ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿ ಇರುವ ಪುಟ್ಟ ಡಿಎನ್‌ಎ ಉಂಗುರ. ಹಲವು ಔಷಧಿಗಳನ್ನು ತಡೆದುಕೊಳ್ಳುವ ಗುಣ ಒಂದೇ ಉಂಗುರದಲ್ಲಿ ಇರಬಹುದು. ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಅದರ ಪ್ರತಿಯನ್ನು ದಾಟಿಸುತ್ತದೆ, ಬೇರೆ ಜಾತಿಯದಕ್ಕೂ. ಹಾಲಿನಲ್ಲಿ ಉಳಿದ ಔಷಧಿ ಕರುವಿನ ಹೊಟ್ಟೆಯಲ್ಲಿ ಉಂಗುರವಿಲ್ಲದವನ್ನು ಕೊಲ್ಲುತ್ತದೆ, ಉಂಗುರವಿದ್ದವು ಬೆಳೆಯುತ್ತವೆ. ನಾನು ಇಷ್ಟು ಬರೆಯಲು ಹೆಣಗಿದ್ದನ್ನು ಇಂದ್ರಮ್ಮ ಹೀಗೆ ಹೇಳುತ್ತಾರೆ: "ಆಲ್ಗೆ ಎಪ್ಪಾಕಾಕೆ ಪಕ್ಕದ್ ಮನೇಲಿ ಒಂಚೂರು ಮೊಸ್ರು ಇಸ್ಕೊಂಡ್ ಬತ್ತೀವಲ್ಲ. ಕೊಟ್ಟೋರ್ ಮನೇಲೂ ಮೊಸ್ರು ಇರ್ತದೆ, ನಮ್ಮನೇಲೂ ಆಯ್ತದೆ. ಆಮೇಕೆ ನಮ್ತವ ಇನ್ನೊಬ್ರು ಇಸ್ಕೋತಾರೆ. ಅಂಗೇ ಕಣಪ್ಪ."

ಮೊದಮೊದಲು ಊರೇ ಇವರನ್ನು ಆಡಿಕೊಂಡಿತು. ಹಾಲು ಹೂಳಿಸುವವಳು ಬಂದಳೆಂದು ಬಾಗಿಲು ಹಾಕಿಕೊಂಡವರಿದ್ದರು. ಡೇರಿಯಲ್ಲಿ ಹಾಲು ಅಳೆಯುವ ಶಿವರಾಜು ಈಗಲೂ ರೇಗಿಸುತ್ತಾರೆ: "ಏನಮ್ಮೋ, ಇವತ್ತು ಯಾರ್ ಮನೆ ಆಲ್ಗೆ ಮಣ್ಣು?"

"ನಿನ್ ಬಾಯ್ಗೂ ಒಂದ್ ಇಡಿ ಮಡಗಿವ್ನಿ, ಬಾ ಲಾ!"

ನಾನು ಎರಡನೆಯ ಸಲ ಆ ಮನೆಗೆ ಹೋದಾಗ ದೇವಿರಮ್ಮ ಅಂಗಳದಲ್ಲೇ ಎದುರಾಗುತ್ತಾರೆ. ಔಷಧಿ ಹಾಲು ಗುಂಡಿ ಸೇರಿದೆ. ಹಾಲಿನಲ್ಲಿ ಔಷಧಿ ಇದ್ದಷ್ಟು ದಿನವೂ ಕರುವಿಗೆ ಕೊಟ್ಟಿಗೆಯ ಇನ್ನೊಂದು ಹಸುವಿನ ಹಾಲು ಕುಡಿಸಿದ್ದಾರೆ. ನಡುವೆ ಇದಕ್ಕೂ ಭೇದಿ ಹತ್ತಿತಂತೆ. ಮನೆಯವರೆಲ್ಲ ಕಂಗಾಲು. ಈ ಸಲ ಸಾಧಾರಣ ಔಷಧಿಗೇ ನಿಂತಿತು. "ನೋಡಪ್ಪ, ಬಾಲ ಎತ್ಕಂಡು ಎಂಗ್ ಓಡ್ತದೆ!" ದೇವಿರಮ್ಮನ ಕಣ್ಣು ತುಂಬಿದೆ. ಜೊತೆಗಿದ್ದ ಇಂದ್ರಮ್ಮ ಬೀದಿಯ ತೆಂಗಿನ ಮರಗಳನ್ನು ಒಂದೊಂದಾಗಿ ತೋರಿಸುತ್ತಾರೆ. "ನಮ್ ಬೀದೀಲಿ ಔಸದಿ ಆಲ ಈಗ ಯಾರೂ ಕರುಗ್ ಕುಡ್ಸಾಕಿಲ್ಲ. ಯಾರ್ನೂ ಬೈದು ಮಾಡ್ಸಿಲ್ಲ ಕಣಪ್ಪ, ಕುಂತು ಮಾತಾಡಿ ಮಾಡ್ಸಿವ್ನಿ."

ಹೂತ ಹಾಲಿನಿಂದ ಮಣ್ಣಿನೊಳಗೂ ಉಂಗುರಗಳು ಕೈ ಬದಲಾಗಬಹುದೇ ಎಂದು ಡಾ. ಮಂಜುಶ್ರೀ ಅವರನ್ನು ಕೇಳಿದೆ. "ಆಗಬಹುದು. ಕರುವಿಗೆ ಕುಡಿಸೋದಕ್ಕಿಂತ ವಾಸಿ ಅಂತ ಒಪ್ಪಿದ್ದೀವಿ. ಆ ಮಣ್ಣನ್ನ ಇನ್ನೂ ಪರೀಕ್ಷೆ ಮಾಡಿಲ್ಲ" ಎಂದರು. ಇದನ್ನು ಇಂದ್ರಮ್ಮನವರಿಗೆ ತಿಳಿಸಲು ಹಿಂಜರಿದೆ. ಕೊನೆಗೆ ಹೇಳಿಯೇಬಿಟ್ಟೆ.

"ಅಂಗಾರೆ ಮಣ್ಣೂ ತಕ್ಕೊಂಡೋಗಿ ನೋಡ್ಲಿ. ನಾನೇ ಅಗ್ದು ಕೊಡ್ತೀನಿ."

ಆ ಮಣ್ಣಿನಲ್ಲಿ ಏನು ಸಿಗುತ್ತದೋ ನನಗೆ ಗೊತ್ತಿಲ್ಲ. ಒಂದೇ ಕರುವನ್ನು ನೋಡಿ, ಅದು ಉಳಿದದ್ದು ಗುಂಡಿಯಿಂದಲೇ ಎಂದು ಹೇಳಲೂ ನನ್ನಿಂದ ಆಗುವುದಿಲ್ಲ.