ಶಾಂತಾಳ ಕಾಮಣಿ

ಸಂಜೆ ಏಳಕ್ಕೆ ನಮ್ಮ ಜಲನಗರದ ಮನೆಯಲ್ಲಿ ಟಿವಿಯ ಆಳ್ವಿಕೆ ಶುರುವಾಗುತ್ತದೆ. ಸೊಸೆ ರೇಖಾ ಕುಕ್ಕರನ್ನು ಸೀಟಿ ಹೊಡೆಯದಂತೆ ಇಳಿಸಿಡುತ್ತಾಳೆ. ನನ್ನ ಕೆಮ್ಮಿಗೂ ಆ ಅರ್ಧ ಗಂಟೆ ಅಪ್ಪಣೆ ಇಲ್ಲ. ಮೊನ್ನೆ ಧಾರಾವಾಹಿಯ ಕೊನೆಯ ಕಂತು. ತಂದೆಯೊಬ್ಬ ಮಗಳನ್ನು ಹೊಡೆದಿದ್ದ. ಟೀಚರು ಬಾಸುಂಡೆ ನೋಡಿ ಕೇಳಿದರೆ ತಾಯಿ, "ಮೆಟ್ಟಿಲಿಂದ ಬಿದ್ದಳು" ಎಂದಳು. ರೇಖಾ ಕಣ್ಣೊರೆಸಿಕೊಂಡಳು. ಡಾಕ್ಟರಿಗೆ ಕಣ್ಣು ತೋರಿಸಲು ಟಿಕೋಟಾದಿಂದ ಬಂದು ನನ್ನ ಪಕ್ಕ ಕೂತಿದ್ದ ತಂಗಿ ಶಾಂತಾ ಮಾತ್ರ ಅಲುಗಲಿಲ್ಲ.

ನೀವು ಗಮನಿಸಿದ್ದೀರೋ ಇಲ್ಲವೋ, ಧಾರಾವಾಹಿಯ ಮನೆಗಳಿಗೆಲ್ಲ ಮೆಟ್ಟಿಲಿರುತ್ತವೆ. ನಮ್ಮ ಕಾಲದ ಮಣ್ಣಿನ ಮನೆಗಳಲ್ಲಿ ಬೀಳಲು ಯೋಗ್ಯವಾದ ಮೆಟ್ಟಿಲು ಕಡಿಮೆ. ಆದ್ದರಿಂದ ನಾವು ಬೇರೊಂದು ಕಾರಣ ಇಟ್ಟುಕೊಂಡಿದ್ದೆವು: ಕಾಮಣಿ.

ಕಾಮಣಿ ಎಂದರೆ ಕಾಮಾಲೆ. ಅರವತ್ತರ ದಶಕದಲ್ಲಿ ನಮ್ಮ ಕಡೆ ಅದಕ್ಕೆ ಔಷಧವೆಂದರೆ ಕಾಯಿಸಿದ ಬಳೆಚೂರಿನಿಂದ ಕೈಮೇಲೆ ಹಾಕುವ ಬರೆ. ಹಾಗಾಗಿ ಮಗುವಿನ ಮೈಮೇಲೆ ಬರೆ ಕಂಡರೆ ಯಾರೂ ಬೆಚ್ಚುತ್ತಿರಲಿಲ್ಲ, "ಕಾಮಣಿ ಆಗಿತ್ತೇನ್ರಿ?" ಎಂದು ಕೇಳಿ, ಒಂದಿಷ್ಟು ಪಥ್ಯ ಹೇಳಿ ಮುಂದೆ ಹೋಗುತ್ತಿದ್ದರು. ಶಾಂತಾ ನನ್ನ ಚಿಗವ್ವನ, ಅಂದರೆ ಅವ್ವನ ತಂಗಿಯ ಮಗಳು. ಆಗ ಎಂಟರ ಹುಡುಗಿ. ಅವಳಿಗೆ ಹಬ್ಬಕ್ಕೊಮ್ಮೆ ಕಾಮಣಿ. ಇಷ್ಟು ಸಲ ಕಾಮಣಿಯಾದರೂ ಅವಳ ಕಣ್ಣು ಒಮ್ಮೆಯೂ ಹಳದಿಯಾಗಿರಲಿಲ್ಲ.

ಅವಳ ಅಪ್ಪ, ನಮ್ಮ ಕಾಕಾ ಅವರು, ಟಿಕೋಟಾದಲ್ಲಿ ಅರಿವೆ ಅಂಗಡಿ ಇಟ್ಟಿದ್ದರು. ಸಜ್ಜನಿಕೆಗೆ ಮಾದರಿ ಬೇಕಾದಾಗ ಇಡೀ ಬಂಧುಬಳಗ ಅವರತ್ತ ಬೆರಳು ತೋರಿಸುತ್ತಿತ್ತು. ಜೇಬಿನಲ್ಲಿ ಓಣಿಯ ಮಕ್ಕಳಿಗೆಲ್ಲ ಸಾಕಾಗುವಷ್ಟು ಪೆಪ್ಪರಮಿಂಟು. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಓದುತ್ತ, ಮೇಲ್ತುಟಿಯ ನಾಲ್ಕು ಕೂದಲನ್ನು ಮೀಸೆಯೆಂದು ನಂಬಿದ್ದ ಕಾಲದಲ್ಲೂ ನನ್ನ ಅಂಗೈಗೆ ಒಂದು ಪೆಪ್ಪರಮಿಂಟು ಇಡುತ್ತಿದ್ದರು. ನಾನು ತಿನ್ನುತ್ತಿದ್ದೆ. ತರ್ಕಕ್ಕೂ ಪೆಪ್ಪರಮಿಂಟಿಗೂ ವಿರೋಧವೇನಿಲ್ಲ.

ಒಂದು ಬೇಸಿಗೆ ರಜೆಗೆ ಶಾಂತಾ ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಮನೆಗೆ ಬಂದಳು. ಅವ್ವ ನೀರೆರೆಯಲು ಕೂರಿಸಿಕೊಂಡಾಗ ಬೆನ್ನು ನೋಡಿದಳು.

"ಬೆನ್ನಿಗೂ ಕಾಮಣಿ ಆಗ್ತೈತೇನವ್ವಿ?"

"ಅಪ್ಪಾಗ ಸಿಟ್ಟ ಬಂದ್ರ ಆಗ್ತೈತಿ, ದೊಡ್ಡವ್ವ," ಎಂದಳು ಶಾಂತಾ, ಮಳೆ ಬಂದರೆ ಅಂಗಳ ಹಸಿಯಾಗುತ್ತದೆ ಎನ್ನುವ ಧಾಟಿಯಲ್ಲಿ.

ಬಚ್ಚಲಿನಿಂದ ಅವ್ವನ ಧ್ವನಿ ಓಣಿಯವರೆಗೂ ಕೇಳಿಸಿತು: "ಇಕೀನ ನಾ ಇನ್ನ ಕಳಸಂಗಿಲ್ಲ!"

ಕಳಿಸಲೂ ಇಲ್ಲ. ಮೊದಮೊದಲು ಯಾವ ಮೂಲೆಯಲ್ಲಿ ಪಾತ್ರೆ ಬಿದ್ದರೂ ಶಾಂತಾ "ನಾ ಅಲ್ಲ" ಎನ್ನುತ್ತ ಗೋಡೆಗೆ ಒರಗುತ್ತಿದ್ದಳು. ಆಮೇಲಾಮೇಲೆ ನನ್ನ ತರ್ಕಶಾಸ್ತ್ರದ ಪುಸ್ತಕವನ್ನು ಜೋಳದ ಡಬ್ಬಿಯಲ್ಲಿ ಬಚ್ಚಿಡುವಷ್ಟು ಬೆಳೆದಳು. ನಾನು ಗದರಿದರೆ ನಗುತ್ತಿದ್ದಳು. ಗದರಿದಾಗ ನಗಬಹುದು ಎಂಬುದು ಅವಳಿಗೆ ಹೊಸ ಸಂಗತಿ.

ಮುಂಗಾರಿನ ಹೊತ್ತಿಗೆ ಕಾಕಾ ಬಂದರು, ಬಬಲೇಶ್ವರದಿಂದ ಮುತ್ಯಾನನ್ನು, ಅಂದರೆ ಅವ್ವನ ಅಪ್ಪನನ್ನು, ಜೊತೆಗೆ ಕರೆದುಕೊಂಡು. ಮುತ್ಯಾ ನಮ್ಮ ಬಳಗದ ಸುಪ್ರೀಂ ಕೋರ್ಟು. ರುಮಾಲು ಸುತ್ತಿದನೆಂದರೆ ಪೀಠ ಅಲಂಕರಿಸಿದಂತೆ. ನಮ್ಮಪ್ಪ ಕೋರ್ಟಿಗೆ ಚಹಾ ತರಿಸಿ, ತಾನು ಪಕ್ಕಕ್ಕೆ ಸರಿದು ಕೂತ.

"ತಂದಿ ಮಗಳಿಗೆ ಒಂದೇಟ ಹೊಡೀಬಾರ್ದೇನ? ಮನಿ ಅಳಿಯನ ಮಾನ ಕಳೀತೀಯೇನ ನೀ?" ಎಂದ ಮುತ್ಯಾ.

"ಒಂದೇಟ ಅಲ್ಲ ಯಪ್ಪಾ. ಆಕಿ ಬೆನ್ನ ನೋಡು ಬಾ," ಎಂದಳು ಅವ್ವ.

ಮುತ್ಯಾ ಮುಖ ಆಚೆ ತಿರುಗಿಸಿದ. "ಹೆಣ್ಣಮಗಳ ಬೆನ್ನ ನಾ ಯಾಕ ನೋಡ್ಲಿ? ಮರ್ಯಾದಿ ಐತೋ ಇಲ್ಲೋ?"

ಅಲ್ಲಿಗೆ ಖಟ್ಲೆ ಮುಗಿಯಿತು. ಮರ್ಯಾದೆ ಅಡ್ಡ ಬಂದುದರಿಂದ ಸಾಕ್ಷಿಯನ್ನು ನೋಡಲಾಗಲಿಲ್ಲ. ಕಾಕಾ ಅವರು ಎಂದಿನ ನಗುವಿನಲ್ಲೇ, "ನಿಮ್ಮ ಮ್ಯಾಲ ನನಗೇನೂ ಸಿಟ್ಟಿಲ್ರಿ, ಅಕ್ಕಾರ" ಎಂದರು. ಸಿಟ್ಟು ಎಂಬ ಮಾತು ಕಿವಿಗೆ ಬಿದ್ದದ್ದೇ ಶಾಂತಾ ಅವ್ವನ ಹಿಂದೆ ಸರಿದಳು.

ಮನೆಯಿಂದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವಂತಿಲ್ಲ. ಅವ್ವ ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ ತಂದಳು. ಶಾಂತಾ ಲಂಗದ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಮೊಣಕಾಲಿಗೆ ಒತ್ತಿಕೊಂಡಳು.

"ಉಡಿ ತುಂಬಬ್ಯಾಡ ದೊಡ್ಡವ್ವ. ತುಂಬಿದ್ರ ಹೋಗಬೇಕಾಗ್ತೈತಿ."

ತಾಟು ಹಿಡಿದ ಅವ್ವ ಹಾಗೇ ನಿಂತಳು. ಆಗ ಕಾಕಾ ಅವರೇ ಬಗ್ಗಿ, ನಗುನಗುತ್ತ ಮಗಳ ಮುಷ್ಟಿ ಬಿಡಿಸಿ, ಲಂಗದ ಅಂಚು ಹಿಡಿದು ತಾವೇ ಉಡಿ ಒಡ್ಡಿದರು. ಅವ್ವ ಅಕ್ಕಿ ಸುರಿದಳು. ಅರ್ಧ ನೆಲಕ್ಕೆ ಬಿತ್ತು. ಆಮೇಲೆ ಅವ್ವ ತನ್ನ ಕೈಯಾರೆ ಯಾರಿಗೂ ಉಡಿ ತುಂಬಲಿಲ್ಲ. ಪಕ್ಕದ ಮನೆಯವರನ್ನು ಕರೆದು ಮಾಡಿಸುತ್ತಿದ್ದಳು.

ಕಾಕಾ ತೀರಿಕೊಂಡ ದಿನ ಗೌರವಕ್ಕೆಂದು ಟಿಕೋಟಾ ಪೇಟೆಯ ಅಂಗಡಿಗಳು ಬಾಗಿಲು ಹಾಕಿದವು. ಶಾಂತಾ ಅದೇ ಊರಲ್ಲಿ ಮದುವೆಯಾಗಿ, ಗಿರಿಜಾ ಎಂಬ ಮಗಳ ತಾಯಿಯಾದಳು. ಮದುವೆಯಾಗಿ ಹೋದ ಗಿರಿಜಾ ತವರಿಗೆ ಬರುವುದಿಲ್ಲ. ಅದು ಅಳಿಯನ ಸೊಕ್ಕು ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ತೀರ್ಮಾನಿಸುವುದರಲ್ಲಿ ನಮ್ಮ ಮನೆತನ ಎಂದೂ ಹಿಂದೆ ಬಿದ್ದಿಲ್ಲ.

ಮೊನ್ನೆ ಆ ಅರ್ಧ ಗಂಟೆಯೊಳಗೇ ಪೊಲೀಸರು ತಂದೆಯನ್ನು ಕರೆದೊಯ್ದರು, ಟೀಚರು ಹುಡುಗಿಯನ್ನು ಅಪ್ಪಿಕೊಂಡರು, ಪಿಟೀಲು ಅತ್ತಿತು.

"ಅಂತೂ ಪಾರಾದ್ಲರಿ ಹುಡುಗಿ," ಎಂದಳು ರೇಖಾ.

"ಈ ಹುಡುಗೀಗಿ ಮುಂದ ಮಗಳು ಹುಟ್ಟತಾಳಲ್ಲ," ಎಂದಳು ಶಾಂತಾ, "ಅದನ್ನ ಯಾವಾಗ ತೋರಸ್ತಾರ?"

"ಕತಿ ಮುಗೀತ್ರಿ ಅತ್ತಿಯಾರ," ಎಂದು ನಕ್ಕು ರೇಖಾ ಒಳಗೆ ಹೋದಳು. ಶಾಂತಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ಗಿರಿಜಾಗೂ ಕಾಮಣಿ ಆಗ್ತಿತ್ತು, ಅಣ್ಣಾ. ನನಗ ಸಿಟ್ಟ ಬಂದಾಗ."

ನಾನು ಟಿವಿ ಆರಿಸಿದೆ.

ಮರುದಿನ ಹೊರಡುವಾಗ ರೇಖಾ ತಾಟು ತಂದಳು. ಶಾಂತಾ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಎದೆಗೊತ್ತಿಕೊಂಡಳು. ಇದು ಅವಳ ಹಳೆಯ ಅಭ್ಯಾಸ; ಬಳಗದವರು ಸೊಕ್ಕಿನಾಕಿ ಎನ್ನುತ್ತಾರೆ.

"ಮುತ್ತೈದಿನ್ನ ಹಂಗ ಹೆಂಗ ಕಳಸೂದ್ರಿ?" ಎಂದಳು ರೇಖಾ.

"ಗಿರಿಜಾ ಗಂಡನ ಮನಿಗೆ ಹೋಗುವಾಗ ತಾನ ಸೆರಗ ಒಡ್ಡಿ ನಿಂತಿದ್ಲು," ಎಂದಳು ಶಾಂತಾ. "ಲಗೂನ ತುಂಬ ಬೇ, ಬಸ್ ಹೋಗ್ತೈತಿ ಅಂದ್ಲು. ಬಸ್ಸಿಗೆ ಇನ್ನೂ ಭಾಳ ಹೊತ್ತಿತ್ತು."

ರೇಖಾಳ ಕೈಯಿಂದ ತಾಟು ತೆಗೆದುಕೊಂಡು ನಾನೇ ಒಳಗಿಟ್ಟೆ. ಶಾಂತಾ ಬರಿ ಸೆರಗಿನಲ್ಲಿ ಆಟೋ ಹತ್ತಿದಳು.

ಸಂಜೆ ಏಳಕ್ಕೆ ಹೊಸ ಧಾರಾವಾಹಿ ಶುರುವಾಯಿತು. ಆ ಮನೆಗೂ ಮೆಟ್ಟಿಲುಗಳಿವೆಯಂತೆ. "ಬರ್ರಿ ಮಾವಾರ, ಹತ್ತೇತಿ," ಎಂದು ರೇಖಾ ಎರಡು ಸಲ ಕೂಗಿದಳು. ನಾನು ಅಡುಗೆಮನೆಯಲ್ಲಿ ಆ ತಾಟಿನ ಮುಂದೆ ನಿಂತಿದ್ದೆ, ಅಕ್ಕಿಯನ್ನು ತಿರುಗಿ ಡಬ್ಬಿಗೆ ಸುರಿಯಬೇಕೋ ಬೇಡವೋ ತಿಳಿಯದೆ.