ಹರಗೋಲಿಗೆ ಕಟ್ಟಿದ ಮೋಟಾರು

ನಿಜಾಮರ ಆಳ್ವಿಕೆ ಮುಗಿದ ಹೊಸತು. ಸುರಪುರದ ಕಡೆ ಕೃಷ್ಣಾ ನದಿಯ ಆಳ ಅಳೆಯುವ ಕೆಲಸ ನನ್ನದು. ಅಂಬಿಗರ ಹಣಮಂತ ಕಾಕಾನ ದುಂಡನೆಯ ಹರಗೋಲಿನ ಹಿಂಬದಿಗೆ, ಲಾರಿ ಬ್ಯಾಟರಿಯಿಂದ ತಿರುಗುವ ಮೋಟಾರನ್ನು ನಾನೇ ಕಟ್ಟಿದ್ದೆ. ಮೇಲಧಿಕಾರಿ ದಂಡೆಯ ಮೇಲೆ ನಿಂತು ನೋಡುತ್ತಿದ್ದರು. ಹರಗೋಲು ಇದ್ದಲ್ಲೇ ಗಿರಗಿರ ಸುತ್ತಿತು.

“ನಾವು ಹಿಂದ ಕುಂತು ದಬ್ಬಂಗಿಲ್ರಿ ಸಾಹೇಬ್ರ, ಮುಂದ ಕುಂತು ಎಳಿತೀವಿ,” ಅಂದ ಕಾಕಾ. ತಾನು ಕೂರುವ ಜಾಗವನ್ನೇ ಮೋಟಾರಿಗೆ ಬಿಟ್ಟುಕೊಟ್ಟು ಹಿಂದೆ ಸರಿದ. ಹರಗೋಲು ನೆಟ್ಟಗೆ ಹೊರಟಿತು.

ನಡುಹೊಳೆಯಲ್ಲಿ ಬ್ಯಾಟರಿ ಸತ್ತಿತು. ಕಾಕಾ ಕಾಲಡಿಯಿಂದ ಹುಟ್ಟು ತೆಗೆದ.

“ಇದನ್ಯಾಕ ತಂದಿದ್ರಿ ಕಾಕಾ?”

“ಆಳು ಹೊಸಾಂವ ಅದಾನಲ್ರಿ,” ಎಂದು ಮೋಟಾರಿನ ಕಡೆ ನೋಡಿ ನಕ್ಕ. ಅದೇ ಹೊಳೆಗೆ ಆಮೇಲೆ ಕಟ್ಟಿದ ಸೇತುವೆಯನ್ನು ಬಸ್ಸು ದಾಟುವಾಗ ಇಂದಿಗೂ ಆ ನಗು ನೆನಪಾಗುತ್ತದೆ.

ಮೋಟಾರು ನದಿ ದಾಟಿತೆಂದು ವರದಿಯಲ್ಲಿ ಬರೆದೆ. ಸುಳ್ಳೇನಲ್ಲ, ಅದೂ ನಮ್ಮ ಜೊತೆ ಕೂತೇ ದಾಟಿತ್ತು.